ಆರಿದ ಸಾರಿನ ಅಂಚು

ಅಣ್ಣಾ,

ನಿನ್ನೆ ಮಧ್ಯಾಹ್ನ ನೀನು ತಟ್ಟೆಯ ಮುಂದೆ ಉಣ್ಣದೆ ಎಷ್ಟು ಹೊತ್ತು ಕುಳಿತಿದ್ದೆಯೋ ನನಗೆ ಗೊತ್ತಿಲ್ಲ. ಗಡಿಯಾರ ನನ್ನ ಬೆನ್ನ ಹಿಂದಿತ್ತು. ತಿರುಗಿ ನೋಡಿದರೆ ಸಿಕ್ಕಿಬೀಳುತ್ತೇನೆ ಅನ್ನಿಸಿತು.

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ನಾಲ್ಕು ತಿಂಗಳಾದರೂ ನೀನು ಬದಲಾಗಲಿಲ್ಲ. ಇನ್ನೊಂದು ರಕ್ತನಾಳವೂ ಕಟ್ಟುತ್ತಿದೆ, ಊಟ ಬದಲಾಗದಿದ್ದರೆ ಉಳಿಯುವುದು ಕಷ್ಟ ಎಂದು ಹೋದ ವಾರ ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದರು. ಅತ್ತಿಗೆ ಫೋನಿನಲ್ಲಿ, "ಕೊಬ್ಬಿಲ್ದಿದ್ರೆ ತಟ್ಟೆ ದೂಡ್ತಾರೆ ಕಣಪ್ಪ. ಕದ್ದು ತೆಗೆದ್ರೂ ಹೆಂಗೋ ಗೊತ್ತಾಗ್ತೈತೆ" ಎಂದಿದ್ದರು. ರಕ್ತ ಪರೀಕ್ಷೆಗೆಂದು ಜವನಗೊಂಡನಹಳ್ಳಿಯಿಂದ ಹಿರಿಯೂರಿಗೆ ಬಂದ ನೀನು ಬಾಗಿಲಲ್ಲೇ ಕೇಳಿದೆ: "ಆ ದೊರೆ ಉಂಡೆ ಮಾಡ್ತೀಯೇನ್ಲೇ? ಬೆಣ್ಣೆ ಹಾಕಿ."

ಕರೆಂಟಿನ ಗಾಳಿಯಂತ್ರದ ಕಂಬ ನೆಡಲು ದುರ್ಗಕ್ಕೆ ಬಂದಿದ್ದ ಸ್ವೀಡನ್ನಿನ ಇಂಜಿನಿಯರ್, ಗೆಸ್ಟ್‌ಹೌಸಿನಲ್ಲಿ ಅಡಿಗೆಗಿದ್ದ ನನಗೆ ಕಲಿಸಿದ ಕೈಮಾ ಉಂಡೆ ಅದು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಈರುಳ್ಳಿ, ಮೊಟ್ಟೆ ಸೇರಿಸಿ ಕಲಸಿ, ಬೆಣ್ಣೆಯಲ್ಲಿ ಹುರಿದು, ಕೆನೆಯ ಸಾರಿಗೆ ಬಿಡುವುದು. ಆಗ ನೀನು "ಖಾರಿಲ್ಲ, ಅರಿಶಿನಿಲ್ಲ, ಬಾಣಂತಿ ಊಟ ಇದ್ದಂಗೈತೆ" ಎಂದು ನಕ್ಕು ಮೂರು ಸಲ ಹಾಕಿಸಿಕೊಂಡಿದ್ದೆ.

ನಿನ್ನನ್ನು ಪಡಸಾಲೆಯಲ್ಲಿ ಕೂರಿಸಿ ಅಡಿಗೆಮನೆಯ ಬಾಗಿಲು ಮುಂದಕ್ಕೆ ಮಾಡಿದೆ. ಕುರಿಯ ತೊಡೆ ಮಾಂಸದ ಕೊಬ್ಬನ್ನೆಲ್ಲ ಬಿಡಿಸಿ ಒಂದು ಬಟ್ಟಲಿಗೆ ಹಾಕಿದೆ. ಉಳಿದದ್ದಕ್ಕೆ ಅಷ್ಟೇ ಕೋಳಿಯ ಎದೆ ಮಾಂಸ ಸೇರಿಸಿ ಕೊಚ್ಚಿದೆ. ಹಾಲು ಕೆನೆ ತೆಗೆದದ್ದು. ಉಂಡೆಗಳನ್ನು ಇಡ್ಲಿ ತಟ್ಟೆಯಲ್ಲಿ ಬೇಯಿಸಿ, ಕಾವಲಿಯ ಮೇಲೆ ಒಂದೇ ಚಮಚ ಎಣ್ಣೆಯಲ್ಲಿ ಹೊರಳಿಸಿ ಕೆಂಪಗೆ ಮಾಡಿದೆ. ಸಾರಿಗೆ ಕೆನೆಯ ಬದಲು ನೀರು ಬಸಿದ ಮೊಸರು, ಚೂರು ಮೈದಾ, ಕಾಳುಮೆಣಸು.

"ಏನ್ಲೇ, ಬೆಣ್ಣೆ ವಾಸ್ನೆನೇ ಬರ್ತಿಲ್ಲ?"

"ಗಾಳಿ ಆ ಕಡೆಗೈತೆ ಅಣ್ಣ."

ಎಷ್ಟು ಸಲೀಸಾಗಿ ಹೇಳಿಬಿಟ್ಟೆ.

ಕುರಿ ಕೊಯ್ದ ದಿನ ಕೊಬ್ಬಿನ ತುಂಡು ಹಿರಿಯನ ತಟ್ಟೆಗೆ. ಅಪ್ಪ ಹೋದ ಮೇಲೆ ಅದು ನಿನ್ನ ಪಾಲು. ನಿನಗೆ ಬರೀ ಮಾಂಸ ಬಡಿಸಿದರೆ ದಾರಿಹೋಕನಿಗೆ ಬಡಿಸಿದ ಹಾಗೆ. ಕೊಚ್ಚಿ ಉಂಡೆ ಕಟ್ಟಿದರೆ ಯಾರ ಪಾಲು ಎಷ್ಟು ಎಂದು ಕಾಣುವುದಿಲ್ಲ ಎಂದುಕೊಂಡಿದ್ದೆ. ಕುರಿಯ ಕೊಬ್ಬು ಸಾರು ಆರಿದಾಗ ತಟ್ಟೆಯ ಅಂಚಿಗೆ ಮೇಣದಂತೆ ಕೂರುತ್ತದೆ ಎಂಬುದು ಮರೆತುಹೋಗಿತ್ತು. ನೀನು ಅದಕ್ಕೇ ಕಾಯುತ್ತಿದ್ದೆ. ಆಮೇಲೆ ಅಂಚಿನ ಮೇಲೆ ಬೆರಳಾಡಿಸಿ, ಏನೂ ಅಂಟದ ಬೆರಳನ್ನು ನೋಡಿಕೊಂಡೆ.

"ನನ್ನ ಪಾಲು ಯಾರಿಗೆ ಹೋತು?"

ನೀನು ಎದ್ದರೆ ಮತ್ತೆ ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ, ಡಾಕ್ಟರ ಹತ್ತಿರವೂ ಬರುವುದಿಲ್ಲ ಎಂದು ಗೊತ್ತಿತ್ತು. ನೀನು ಏಳಲಿಲ್ಲ. ಕೈ ಚಾಚಿ ನನ್ನ ತಟ್ಟೆಯನ್ನು ಎಳೆದುಕೊಂಡು ಅದರ ಅಂಚಿಗೂ ಬೆರಳಾಡಿಸಿದೆ.

"ನಿಂಗೂ ಇಲ್ವಾ?"

"ನಂಗೂ ಇಲ್ಲ."

ನೀನು ನನ್ನ ತಟ್ಟೆಯಲ್ಲೇ ಉಣ್ಣತೊಡಗಿದೆ. ಅರ್ಧ ಮುಗಿಸಿ, "ಮೊಸರು ಹುಳಿ ಆಗೈತೆ, ಇನ್ನೊಂದು ಸಲ ಬೆಳಿಗ್ಗೆ ಬಸಿದಿದ್ದು ಹಾಕು" ಎಂದೆ. ಇನ್ನೊಂದು ಸಲ ಎಂಬ ಮಾತು ಕೇಳಿದ ಮೇಲೆ ನನಗೆ ಉಸಿರು ಬಂತು.

ಆದರೆ ಆ ಕೊಬ್ಬಿನ ಬಟ್ಟಲು ಫ್ರಿಜ್ಜಿನಲ್ಲಿತ್ತು. ಎಸೆಯಲು ಇಟ್ಟದ್ದಲ್ಲ. ನಿನ್ನನ್ನು ಬಸ್ಸು ಹತ್ತಿಸಿದ ಮೇಲೆ ನಾನೊಬ್ಬನೇ ತಿನ್ನಲು ಇಟ್ಟದ್ದು. ಐವತ್ತೆರಡು ವರ್ಷ ಅದನ್ನು ಅಪ್ಪನ ತಟ್ಟೆಯಲ್ಲಿ, ಆಮೇಲೆ ನಿನ್ನ ತಟ್ಟೆಯಲ್ಲಿ ನೋಡಿದ್ದೆ. ನಿನ್ನೆ ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಬಾಣಲೆಗೆ ಹಾಕಿದೆ. ಕರಗುವ ವಾಸನೆ ಏಳುತ್ತಲೇ "ನಿಂಗೂ ಇಲ್ವಾ" ಅಂದ ನಿನ್ನ ದನಿ ಕೇಳಿ ಒಲೆ ಆರಿಸಿದೆ. ಇದನ್ನು ಬರೆಯುವಷ್ಟರಲ್ಲಿ ಬಾಣಲೆಯ ಅಂಚು ಬೆಳ್ಳಗಾಗಿದೆ. ಈ ಕಾಗದ ಮಡಚಿಟ್ಟ ಮೇಲೆ ಹಿತ್ತಲಲ್ಲಿ ಗುಂಡಿ ತೋಡಿ ಆ ಕೊಬ್ಬನ್ನು ಹೂಳುತ್ತೇನೆ.

ಬರುವ ತಿಂಗಳ ಪರೀಕ್ಷೆಗೆ ತಪ್ಪದೆ ಬಾ. ಎರಡು ತಟ್ಟೆ ಬಡಿಸಿರುತ್ತೇನೆ, ಬೇಕಾದ್ದನ್ನು ನೀನೇ ಎಳೆದುಕೋ. ಅಲ್ಲಿಯವರೆಗೆ ನಿನ್ನ ಎದೆ ತಣ್ಣಗಿರಲಿ.

ನಿನ್ನ ತಮ್ಮ,
ಸಣ್ಣಪ್ಪ