ನೆಲದ ಮೇಲಿನ ಕುಣಿ

ಹುಣಸಗಿ
6 ಜನವರಿ 1994

ಪ್ರೀತಿಯ ಪಪ್ಪಾ,

ನಮ್ಮ ಹಿತ್ತಲಲ್ಲಿ ಬೆಂಕಿ ಹತ್ತಿತು! ಹೆದರಬೇಡಿ, ನಾವೇ ಹಚ್ಚಿದ್ದು. ನೀವು, ಅಮ್ಮ ಕ್ಷೇಮವೇ? ಇಷ್ಟು ದಿನ ಬರೆಯಲಿಲ್ಲ, ಸಾರಿ. ಹಿಂದಿನ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಒಳ್ಳೆಯ ಸುದ್ದಿ ಸಿಕ್ಕಿದ ಮೇಲೆಯೇ ಬರೆಯೋಣವೆಂದು ಕಾದೆ. ನಮ್ಮ ರಿಜಿಸ್ಟರ್ ಮದುವೆಯ ಸಿಟ್ಟು ನಿಮಗಿನ್ನೂ ಇಳಿದಿಲ್ಲ, ಗೊತ್ತು. ಆದರೂ ಸೀತನಿ, ಅಂದರೆ ಇಲ್ಲಿಯ ಸುಟ್ಟ ಎಳೆ ಜೋಳ, ತಿನ್ನಲು ನೀವು ಬರಲೇಬೇಕು. ಅದಕ್ಕೇ ಇಷ್ಟೆಲ್ಲ.

ಸ್ಕೂಲಿನ ಕ್ಯಾಂಪ್‌ಫೈರ್ ನೆನಪಾಗಿ, ದುಂಡಗೆ ಕುಣಿ ತೋಡಿಸಿ ಸುತ್ತ ಕಲ್ಲು ಕೂಡಿಸೋಣವೆಂದೆ. ನಿಮ್ಮ ಅಳಿಯ (ನೀವು ಹಾಗೆ ಕರೆಯದಿದ್ದರೂ ನಾನು ಹಾಗೇ ಬರೆಯುತ್ತೇನೆ) ಕಲ್ಲು ಕಟ್ಟುವ ಗೌಂಡಿ ಸುಲ್ತಾನಸಾಬರನ್ನು ಕರೆತಂದರು. ಅವರು ನನ್ನ ನಕ್ಷೆ ನೋಡಿ, “ಇದು ಮೊಹರಂದಾಗ ಬೆಂಕಿ ಹಾಕೋ ಅಲಾಯಿ ಕುಣಿ ಅಲ್ರಿ ಅಕ್ಕಾರ? ಹಬ್ಬ ಇನ್ನಾ ದೂರ ಐತಿ” ಎಂದು ನಗುತ್ತಲೇ ಸಲಿಕೆ ಹಿಡಿದರು.

ಮೊಣಕಾಲುದ್ದ ಹೋಗುವಷ್ಟರಲ್ಲಿ ಕೆಳಗಿನಿಂದ ನೀರು! ಮರುದಿನ ಕುಣಿ ತುಂಬಿ ಒಳಗೊಂದು ಕಪ್ಪೆಯೂ ಕೂತಿತ್ತು. ಕಾಲುವೆ ಬಂದ ಮೇಲೆ ಇಲ್ಲಿ ಎಲ್ಲಿ ತೋಡಿದರೂ ಇದೇ ಕಥೆಯಂತೆ. ಕಾಲುವೆ ಆಫೀಸಿನಲ್ಲೇ ಕೆಲಸ ಮಾಡುವ ನಿಮ್ಮ ಅಳಿಯನಿಗೂ ಹೊಳೆಯಲಿಲ್ಲ ನೋಡಿ!

“ಬಾವಿ ಅಂತ ಮೊದಲ ಹೇಳಿದ್ರ ಇನ್ನೊಂದೀಟು ಆಳ ಹೋಗ್ತಿದ್ದೆ ಬಿಡ್ರಿ” ಎಂದರು ಸುಲ್ತಾನಸಾಬರು.

ಅತ್ತೆ ಗೊಲ್ಲಾಳಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಸೊಸಿ ಬೆಂಕಿ ಬೇಡಿದ್ಲು, ಗಂಗವ್ವ ಬಂದಾಳ” ಎಂದರು.

ಕೊನೆಗೆ ಕುಣಿಗೆ ಮರಂ ಮಣ್ಣು ತುಂಬಿಸಿ, ಅದರ ಮೇಲೆ ಕಲ್ಲಿನ ಬಳೆ ಕಟ್ಟಿಸಿದೆವು. ಊರಲ್ಲೆಲ್ಲ ಈಗ ಭತ್ತ. ಎಳೆ ಜೋಳದ ತೆನೆ, ಇನ್ನೂ ಜೋಳ ಬೆಳೆಯುವ ಶಿರವಾಳದಿಂದ ತರಿಸಿದೆವು. ನಿನ್ನೆ ಸಂಜೆ ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಅತ್ತೆ ಬಿಸಿಬಿಸಿಯಾಗಿಯೇ ಕೈಯಲ್ಲಿ ಉಜ್ಜಿ ಹಸಿರು ಕಾಳು ಉದುರಿಸಿದರು. ಬೆಲ್ಲ, ಶೇಂಗಾ ಚಟ್ನಿ. ಅಬ್ಬಾ, ಪಪ್ಪಾ!

ಪಕ್ಕದ ಮನೆಯ ಬಸ್ಸಮ್ಮ ತಿನ್ನುತ್ತಲೇ ಕೇಳಿದಳು: “ನಿಮ್ಮ ಬೀಗರು ಪಂಚಮಿಗಿ ಸೊಸೀನ್ನ ಕರಿಯಾಕ ಬರಲಿಲ್ಲ, ದೀಪಾವಳಿಗಿ ಬರಲಿಲ್ಲ. ಸೀತನಿಗಿ ಬರ್ತಾರೇನು?”

“ನಿನ್ನ ಬಾಯಾಗ ಕಾಳು ಸಾಲವಲ್ದೇನು? ಇನ್ನೊಂದು ಹಿಡಿ ಹಾಕ್ತೀನಿ, ತಡಿ” ಎಂದರು ಅತ್ತೆ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮನಿಗೆ ನನ್ನ ನಮಸ್ಕಾರ. ನಿಮ್ಮಿಬ್ಬರ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ
ಮಾಲು

ಮರೆತಿದ್ದೆ: ನೀವು ಬರುವುದಿಲ್ಲವೆಂದು ನನಗೆ ಗೊತ್ತು. ಪಂಚಮಿಯಂದು ಬ್ಯಾಗು ತುಂಬಿಕೊಂಡು, ಕೊನೆಯ ಬಸ್ಸು ಹೋಗುವ ತನಕ ಕಟ್ಟೆಯ ಮೇಲೆ ಕೂತಿದ್ದೆ. ತವರಿನವರು ಕರೆಯಲು ಬಾರದೆ ಹೊಸ ಮದುಮಗಳು ತಾನಾಗಿ ಹೋಗಬಾರದಂತೆ. ಆದರೂ ಸಂಕ್ರಾಂತಿಗೆ ನಾನೇ ಮನೆಗೆ ಹೊರಟಿದ್ದೇನೆ. ನೀವು ಹುಣಸಗಿಗೆ ಬರಬೇಡಿ, ಗುಲ್ಬರ್ಗಾ ಸ್ಟೇಷನ್ನಿನ ತನಕ ಬನ್ನಿ ಸಾಕು. ಪಪ್ಪಾ ಕರೆಯಲು ಬಂದಿದ್ದರೆಂದು ಇಲ್ಲಿ ಹೇಳಿಕೊಳ್ಳುತ್ತೇನೆ, ಸುಳ್ಳಾಗುವುದಿಲ್ಲ. ಬುಧವಾರ, ಹನ್ನೆರಡನೆಯ ತಾರೀಖು, ಅಲ್ಲಿಂದ ಒಟ್ಟಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತೋಣ.