ಬಿಸ್ಟ್ರೋದಲ್ಲಿ ಸುರೇಖಾಳ ತಾಟು

19 ನವೆಂಬರ್ 2024, ಮಂಗಳವಾರ

ವಾರದ ರಜೆ. ಖಾಕಿ ಅಂಗಿ ಒಗೆಯಲು ಹಾಕಿದೆ. ಮಧ್ಯಾಹ್ನ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ನಾಲ್ಕು ರೊಟ್ಟಿ ಉಂಡೆ. ಅರ್ಧ ತಾಸು ನಿದ್ದೆ.

ಹುನಗುಂದದಿಂದ ಮಗಳು ಬಂದಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು — "ಅಪ್ಪಾ, ಅವ್ವ ಭಾಳ ಸೊರಗ್ಯಾಳ. ಬಳಿ ಮೊಣಕೈತನಕ ಜಾರತಾವ. ನೀ ನೋಡಿಲ್ಲೇನು?"

ನೋಡಿಲ್ಲ. ಇಳಕಲ್-ಬಾದಾಮಿ ಬಸ್ಸಿನಲ್ಲಿ ಮುಖ ನೋಡಿಯೇ ಯಾರು ಅಮೀನಗಡಕ್ಕೆ ಇಳಿಯುತ್ತಾರೆ, ಯಾರು ಗುಳೇದಗುಡ್ಡಕ್ಕೆ ಎಂದು ಹೇಳುವ ಕಂಡಕ್ಟರ್ ನಾನು. ಹೆಂಡತಿ ಸುರೇಖಾಳ ಕೈ ನೋಡಿಲ್ಲ. ಮೊದಲು ಮಗಳ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ.

3 ಡಿಸೆಂಬರ್, ಮಂಗಳವಾರ

ಬಾಗಲಕೋಟೆಯ ದವಾಖಾನೆ. ರಕ್ತ, ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗ್ — ಎಲ್ಲ ನಾರ್ಮಲ್. ತೂಕ ಮಾತ್ರ ನಲವತ್ತೊಂದು ಕಿಲೋ. ಹೋದ ವರ್ಷ ಐವತ್ತೆರಡಿತ್ತು.

ಊಟ ಸರಿಯಾಗಿ ಮಾಡುತ್ತೀರಾ ಎಂದು ಡಾಕ್ಟರು ಸುರೇಖಾಳನ್ನು ಕೇಳಿದರು. ಮಾಡುತ್ತೇನೆ ಅಂದಳು. ಅವರು ನನ್ನ ಕಡೆ ತಿರುಗಿದರು.

"ನೀವು ಹೇಳ್ರಿ. ಒಂದು ಹೊತ್ತಿಗೆ ಎಷ್ಟು ರೊಟ್ಟಿ ತಿಂತಾರ?"

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ಅವಳು ಉಣ್ಣುವುದನ್ನು ಕಂಡಿಲ್ಲ. ನಮ್ಮಲ್ಲಿ ಗಂಡಸರದು ಮೊದಲು. ನಾನು ಉಂಡು ಪಡಸಾಲೆಗೆ ಬಂದ ಮೇಲೆ ಅಡಿಗೆಮನೆಯಲ್ಲಿ ನನ್ನ ಅವ್ವ ಮತ್ತು ಅವಳು ಉಣ್ಣುತ್ತಿದ್ದರು. ಅವ್ವ ತೀರಿ ಏಳು ತಿಂಗಳು. ಈಗ ಅವಳೊಬ್ಬಳೇ.

ಮೂರು ಅಂದೆ. ಸುಳ್ಳು. ಡಾಕ್ಟರು ನಂಬಲಿಲ್ಲ. ರೋಗವೇನಿಲ್ಲ, ಹೊಟ್ಟೆಗೆ ಅನ್ನ ಬೀಳುತ್ತಿಲ್ಲ, ಎದುರು ಕೂತು ಉಣ್ಣಿಸಿರಿ ಅಂದರು. ತಿಂಗಳು ಬಿಟ್ಟು ಬರಬೇಕು. ತೂಕ ಇನ್ನೂ ಇಳಿದಿದ್ದರೆ ಅಡ್ಮಿಟ್.

ಸಂಜೆ ಬಂದವನೇ, ಬಾ ಕೂಡಿ ಉಣ್ಣೋಣ ಅಂದೆ. ನಕ್ಕಳು. "ನಿಮ್ದು ಆಗ್ಲಿ" ಅಂದು ಒಲೆಯ ಕಡೆ ತಿರುಗಿದಳು.

4 ಡಿಸೆಂಬರ್

ಡ್ಯೂಟಿಗೆ ಹೋಗುವ ಮುಂಚೆ ಕಳ್ಳನ ಹಾಗೆ ರೊಟ್ಟಿ ಬುಟ್ಟಿ ತೆರೆದು ಎಣಿಸಿದೆ. ಏಳು. ಬಂದು ಎಣಿಸಿದೆ. ಏಳು!

5 ಡಿಸೆಂಬರ್

ಗುಳೇದಗುಡ್ಡದಲ್ಲಿ ನಾಸೀರ ಹತ್ತಿದ. ಕಾಲೇಜಿಗೆ ಹೋಗುವಾಗ ವಾರಕ್ಕೆರಡು ದಿನ ಪಾಸ್ ಮರೆತು ಬರುತ್ತಿದ್ದವ. ಬೈಯುತ್ತಿದ್ದೆ, ಇಳಿಸುತ್ತಿರಲಿಲ್ಲ. ಈಗ ಬಾದಾಮಿಯ ಕೆಂಪುಬಂಡೆ ಹತ್ತಲು ಬರುವ ಫಾರಿನ್ ಜನಕ್ಕೆ ಹಗ್ಗ ಹಿಡಿಯುವ ಗೈಡ್. ಹಾಗೆ ಬಂದ ಫ್ರಾನ್ಸಿನ ಕ್ಲೇರ್ ಎಂಬಾಕೆಯನ್ನೇ ಮದುವೆಯಾಗಿದ್ದಾನೆ. ಇಬ್ಬರೂ ಸೇರಿ ಬನಶಂಕರಿ ರಸ್ತೆಯಲ್ಲಿ ಫ್ರೆಂಚ್ ಬಿಸ್ಟ್ರೋ ಇಟ್ಟಿದ್ದಾರಂತೆ. ಹಾಗಂದರೇನಪ್ಪಾ ಅಂದೆ. ಸಣ್ಣ ಖಾನಾವಳಿ, ಅಷ್ಟೇ ಅಂದ. ಆರು ಟೇಬಲ್. ಎದುರುಬದುರು ಕೂರುವುದು, ಇಬ್ಬರಿಗೂ ಒಮ್ಮೆಗೇ ಬಡಿಸುವುದು.

"ಕಾಕೂನ್ನ ಕರ್ಕೊಂಡು ಬರ್ರಿ ಕಾಕಾ. ಊಟ ನಂದು."

ಇಬ್ಬರಿಗೂ ಒಮ್ಮೆಗೇ! ಅದೊಂದೇ ಮಾತು ಕಿವಿಯಲ್ಲಿ ಕೂತಿದೆ. ಮನೆಯಲ್ಲಾದರೆ ತಪ್ಪಿಸಿಕೊಳ್ಳಲು ಅಡಿಗೆಮನೆ ಇದೆ. ಅಲ್ಲಿ ಎಲ್ಲಿಗೆ ಹೋಗುತ್ತಾಳೆ? ಮಂಗಳವಾರ ಹೋಗುವುದೇ.

10 ಡಿಸೆಂಬರ್, ಮಂಗಳವಾರ. ಬಾದಾಮಿ ಬಸ್‌ಸ್ಟ್ಯಾಂಡ್, ಸಂಜೆ 4

ಸುರೇಖಾ ಪೇರಲಹಣ್ಣು ಕೊಳ್ಳಲು ಹೋಗಿದ್ದಾಳೆ. ಬಸ್ಸಿಗೆ ಇಪ್ಪತ್ತು ನಿಮಿಷ. ಈಗಲೇ ಬರೆದುಬಿಡಬೇಕು.

ಬೆಳಿಗ್ಗೆ ಕೆಂಪು ಸೆರಗಿನ ಸೀರೆ ಉಟ್ಟು ಹೊರಟಳು. ಚೀಲದಲ್ಲಿ ಬುತ್ತಿ. ಏನದು ಅಂದರೆ, ನಾಲ್ಕು ರೊಟ್ಟಿ, ಅಲ್ಲಿಯ ಊಟ ನಿಮಗೆ ಒಗ್ಗದಿದ್ದರೆ ಅಂದಳು. ನನಗೆ! ತಲೆ ಚಚ್ಚಿಕೊಂಡೆ.

ಬಿಸ್ಟ್ರೋ ಚೊಕ್ಕವಾಗಿದೆ. ಕಿಟಕಿಯಲ್ಲಿ ಇಡೀ ಗುಡ್ಡ ಕಾಣುತ್ತದೆ. ಮೊದಲು ಉಳ್ಳಾಗಡ್ಡಿ ಸೂಪ್, ಮೇಲೆ ಚೀಸ್ ಹಾಕಿ ಸುಟ್ಟ ಬ್ರೆಡ್ಡು. ನನಗೆ ಬಹಳ ಸೇರಿತು. ಅವಳು ಚಮಚೆಯಿಂದ ತಿರುವಿದಳು, ತಿರುವಿದಳು, ತನ್ನ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಆಮೇಲೆ ಬದನೆಕಾಯಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ್ದು. ಎರಡು ತಾಟು ಒಮ್ಮೆಗೇ ಬಂದವು. ನಾಸೀರ ಹೇಳಿದಂತೆಯೇ.

ಮುಟ್ಟಲಿಲ್ಲ. ಮಡಿಲಲ್ಲಿ ಕೈ ಇಟ್ಟು ನನ್ನ ತಾಟು ನೋಡುತ್ತ ಕೂತಳು. ಉಣ್ಣು ಅಂದೆ. ನಿಮ್ಮದಾಗಲಿ ಅಂದಳು. ಬೇಗ ಮುಗಿಸಿದರೆ ಸುರು ಮಾಡುತ್ತಾಳೆಂದು ಗಬಗಬ ನುಂಗಿದೆ. ನನ್ನ ಕೊನೆಯ ತುತ್ತಿಗೆ ಸರಿಯಾಗಿ ಕ್ಲೇರ್ ಬಂದಳು. ಏನೋ ಕೇಳಿದಳು. ಸುರೇಖಾ ಸಂಕೋಚದಿಂದ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ" ಅಂದಳು.

ನಮ್ಮಲ್ಲಿ ಸಾಕು ಅಂದರೆ ಬಡಿಸುವವರು ಇನ್ನೆರಡು ಸಲ ಒತ್ತಾಯ ಮಾಡಬೇಕು. ಆ ತಾಯಿಗೆ ಏನು ಗೊತ್ತು? ಮುಖ ಸಣ್ಣದು ಮಾಡಿಕೊಂಡು ತುಂಬಿದ ತಾಟು ಎತ್ತಿಕೊಂಡು ಹೋದಳು. ಸುರೇಖಾಳ ಕಣ್ಣು ತಾಟಿನ ಹಿಂದೆಯೇ ಬಾಗಿಲತನಕ ಹೋದವು. ಆಗ ತಿಳಿಯಿತು. ಅವಳಿಗೆ ಹಸಿವೆ ಇದೆ. ಹಸಿವೆ ಇಲ್ಲದವರು ಹಾಗೆ ನೋಡುವುದಿಲ್ಲ. ಉಣ್ಣಿಸಲು ಕರೆತಂದು ಅವಳ ಮುಂದಿದ್ದ ತಾಟನ್ನೇ ಎತ್ತಿಸಿದೆನಲ್ಲಾ... ಬಹಳ ಕೆಟ್ಟದೆನಿಸಿತು.

ನಾಸೀರನನ್ನು ಕರೆದು ಹೇಳಿದೆ. ಹಣೆ ಬಡಿದುಕೊಂಡು ನಕ್ಕ. ಒಳಗೆ ಹೋಗಿ ಅವರ ಭಾಷೆಯಲ್ಲಿ ಹೇಳಿದ. ಅಷ್ಟರಲ್ಲಿ ಉಳಿದ ಗಿರಾಕಿಗಳೆಲ್ಲ ಎದ್ದಿದ್ದರು. ಕ್ಲೇರ್ ಬಂದು ಸುರೇಖಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಲ್ಲಿ ಅಡಿಗೆ ಮಾಡುವವಳು ಅವಳೇ, ಅವಳದೂ ಊಟ ಆಗಿರಲಿಲ್ಲವಂತೆ. ಎಲ್ಲರದೂ ಆದ ಮೇಲೆ ಉಣ್ಣುವ ರೂಢಿ ಅವಳಿಗೂ ಇದೆ.

ಹತ್ತು ನಿಮಿಷ ಕಾದೆ. ಕೈತೊಳೆಯುವ ನೆಪ ಮಾಡಿ ಇಣುಕಿದೆ. ಇಬ್ಬರೂ ಸ್ಟೂಲಿನ ಮೇಲೆ ಕೂತಿದ್ದರು. ಕ್ಲೇರ್ ನನ್ನ ಬುತ್ತಿಯ ರೊಟ್ಟಿ ಮುರಿಯುತ್ತಿದ್ದಳು. ಸುರೇಖಾ ಅವರ ಬ್ರೆಡ್ಡಿನಿಂದ ತಾಟು ಒರೆಸಿ ಒರೆಸಿ ಉಣ್ಣುತ್ತಿದ್ದಳು. ಇಳಕಲ್ಲಿನ ಬದನೆಕಾಯಿಯ ಬಗ್ಗೆ ಏನೋ ಹೇಳುತ್ತಿದ್ದಳು, ಕನ್ನಡದಲ್ಲಿ. ಆಕೆ ಫ್ರೆಂಚಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅಡ್ಡಿಯಿರಲಿಲ್ಲ. ನಗು ಬೇರೆ.

ಆ ಸದ್ದು ನನಗೆ ಗುರುತಿನದು. ಇಷ್ಟು ವರ್ಷ ಮಧ್ಯಾಹ್ನದ ಹೊತ್ತು ನಮ್ಮ ಅಡಿಗೆಮನೆಯಿಂದ ಬರುತ್ತಿತ್ತು. ಅವ್ವ, ಅವಳು, ತಾಟು, ನಗು. ನಾನು ಟಿವಿಯ ಸೌಂಡ್ ಏರಿಸುತ್ತಿದ್ದೆ.

ಬಂದಳು. ಪೇರಲಹಣ್ಣು ನನ್ನ ಕೈಗೆ ಕೊಟ್ಟು —

11 ಡಿಸೆಂಬರ್

ನಿನ್ನೆ ಬಸ್ಸಿನಲ್ಲಿ. ಇವಳಿಗೆ ಹೆಂಗಸರ ಜೀರೋ ಟಿಕೆಟ್. ನಮ್ಮ ಡಿಪೋದ ದೇವಪ್ಪನೇ ಕಂಡಕ್ಟರ್, ಆದರೂ ಆಧಾರ್ ತೋರಿಸಿದಳು. ಅಮೀನಗಡ ದಾಟಿತು. ಆಮೇಲೆ ಕೇಳಿದೆ — ಮನೆಯಲ್ಲಿ ಯಾಕೆ ಉಣ್ಣುವುದಿಲ್ಲ?

ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಅತ್ತಿ ಹ್ವಾದ ಮ್ಯಾಲೆ ಒಬ್ಬಾಕಿನ ತಾಟಿನ ಮುಂದ ಕುಂದ್ರಾಕ ಆಗವಲ್ದು. ತುತ್ತು ಗಂಟಲದಾಗ ನಿಲ್ತೈತಿ."

ಹೇಳಬಾರದಿತ್ತೇ ಅಂದೆ.

"ನೀವು ಕೇಳಿದ್ರೇನು?"

ಅತ್ತೆ ಸೊಸೆ ಹೇಗೋ ಹೊಂದಿಕೊಂಡು ಇದ್ದಾರೆ ಎಂದಷ್ಟೇ ತಿಳಿದಿದ್ದೆ. ಅವ್ವ ತೀರಿದಾಗ ಊರೆಲ್ಲ ನನ್ನನ್ನು ಸಮಾಧಾನ ಮಾಡಿತು. ಇವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

13 ಡಿಸೆಂಬರ್

ನೀನು ಕೂರುವತನಕ ನಾನು ಉಣ್ಣುವುದಿಲ್ಲ ಅಂದೆ. ನೀವು ಉಣ್ಣುವತನಕ ನಾನು ಕೂರುವುದಿಲ್ಲ ಅಂದಳು. ಬಿಸಿ ರೊಟ್ಟಿ ಬಡಿದು ಕೊಡುವವರ್‍ಯಾರು ಎನ್ನುವುದು ಅವಳ ವಾದ. ಇಬ್ಬರೂ ಹಟ. ಕೊನೆಗೆ ಪಲ್ಯ ಆರಿತು. ನಾನು ಬಾಳೆಹಣ್ಣು ತಿಂದು ಡ್ಯೂಟಿಗೆ ಹೋದೆ. ಅವಳು ಏನು ತಿಂದಳೋ.

ಬಿಸಿ ರೊಟ್ಟಿಯ ಚಟ ನನ್ನದು. ಅವಳದಲ್ಲ.

17 ಡಿಸೆಂಬರ್, ಮಂಗಳವಾರ

ಇವತ್ತು ಕೇಳಲಿಲ್ಲ. ಸೀದಾ ಅಡಿಗೆಮನೆಗೆ ಹೋಗಿ ಅವ್ವ ಕೂರುತ್ತಿದ್ದ ಜಾಗದಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕ ಕೂತೆ. ಗೋಡೆಗೆ ನಿಲ್ಲಿಸಿದ್ದ ತಾಟು ತೆಗೆದುಕೊಂಡೆ. ಅಂಚು ನೆಗ್ಗಿದ್ದು.

"ಅದು ಅತ್ತೀದು" ಅಂದಳು.

ಗೊತ್ತು ಅಂದೆ. ಬಿಸಿ ಬೇಡ, ಬುಟ್ಟಿಯೊಳಗಿನ ಒಣಗಿದ ಕಟಕ್ ರೊಟ್ಟಿ ಕೊಡು, ನಾಳೆಯಿಂದ ನನಗೂ ಅದೇ ಅಂದೆ. ಒಲೆ ಆರಿಸಿ ಕೂತಳು. ನಾನು ತುತ್ತು ಎತ್ತಿದ ಮೇಲೆಯೇ ಎತ್ತಿದಳು. ಇರಲಿ. ರೊಟ್ಟಿ ಸಣ್ಣಸಣ್ಣಗೆ ಮುರಿಯುತ್ತಾಳೆ. ಮೊದಲು ಚಟ್ನಿ, ಆಮೇಲೆ ಪಲ್ಯ. ಹಸಿ ಉಳ್ಳಾಗಡ್ಡಿ ಅಂದರೆ ಪ್ರಾಣ. ಇಪ್ಪತ್ತೊಂಬತ್ತು ವರ್ಷಕ್ಕೆ ತಿಳಿದದ್ದು.

ಒಂದೂವರೆ ರೊಟ್ಟಿ. ಡಾಕ್ಟರಿಗೆ ಇನ್ನು ಸುಳ್ಳು ಹೇಳಬೇಕಾಗಿಲ್ಲ.

24 ಡಿಸೆಂಬರ್, ಮಂಗಳವಾರ. ಮಧ್ಯಾಹ್ನ 1.15

ನಿನ್ನೆ ಎರಡೂವರೆ. ಹೋದ ವಾರವೆಲ್ಲ ಅವ್ವನ ಸುದ್ದಿ ಹೇಳಿದಳು. ನನ್ನ ಬಗ್ಗೆ ಇಬ್ಬರೂ ಆಡಿಕೊಂಡು ನಗುತ್ತಿದ್ದರಂತೆ. ಏನಂತ ಎಂದರೆ ಹೇಳುವುದಿಲ್ಲ.

ಇವತ್ತು ಬದನೆಕಾಯಿ ಎಣಗಾಯಿ. ಒಲೆ ಆರಿಸಿದ ಸದ್ದು. ತಾಟು ಒಂದು... ಎರಡು. ಕೂಗುತ್ತಿದ್ದಾಳೆ —

"ಬರ್ತೀರೋ ಇಲ್ಲೋ? ನಂಗ ಹಸಿವ್ಯಾಗೈತಿ. ನಾ ಸುರು ಮಾಡ್ತೇನಿ ನೋಡ್ರಿ."

ಮಾಡಲಿ. ಬೇಕಂತಲೇ ಇನ್ನೊಂದು ಸಾಲು ಬರೆಯುತ್ತ ಕೂತಿದ್ದೇನೆ. ಇನ್ನೊಂದು. ಕಿವಿ ಅಡಿಗೆಮನೆಯ ಕಡೆ.

ಕಟ್ ಎಂದು ರೊಟ್ಟಿ ಮುರಿದಳು. ಉಣ್ಣುತ್ತಿದ್ದಾಳೆ. ನನಗಿಂತ ಮೊದಲು —