ಅವ್ವನ ಚಂದ್ರಕಾಳಿ, ನನ್ನ ಹೊಸ ಪರದೆ

೫ ಡಿಸೆಂಬರ್, ಗುರುವಾರ. ಬೆಟಗೇರಿ.

ಕುತ್ತಿಗೆ ನೋಯುತ್ತಿದೆ. ದೊಡ್ಡ ಓಎಲ್‌ಇಡಿ ಟೀವಿಯನ್ನು ಕಂಪ್ಯೂಟರಿಗೆ ಜೋಡಿಸಿದ್ದೇನೋ ಆಯಿತು, ಆದರೆ ಮೇಜು ಸಣ್ಣದು, ಪರದೆ ಮೂಗಿಗೇ ತಾಗುವಂತಿದೆ. ಗೋಡೆಗೆ ಹಾಕಿಸಬೇಕು.

ಅಂಗಡಿಯಲ್ಲಿ ಅವ್ವನ ಕಪ್ಪು ಚಂದ್ರಕಾಳಿ ಸೀರೆಯನ್ನು ಒಂದೊಂದು ಟೀವಿಯ ಪಕ್ಕ ಹಿಡಿದು ನೋಡಿದೆ. ಮಿಕ್ಕವುಗಳ ಕಪ್ಪು ಬೂದಿಯಂತಿತ್ತು, ಇದರದ್ದು ಮಾತ್ರ ಸೀರೆಯ ಕಪ್ಪೇ. ಅಂಗಡಿಯವನು ನಕ್ಕ. ನಗಲಿ.

ನಮ್ಮ ಮನೆಯ ಮಗ್ಗಕ್ಕೆಂದು ನಾನು ಲ್ಯಾಪ್‌ಟಾಪಿನಲ್ಲಿ ಸೀರೆಯಂಚು ಬರೆದು ತೋರಿಸಿದಾಗಲೆಲ್ಲ ಅವ್ವ "ಚಲೋ ಐತಿ" ಎನ್ನುತ್ತಿದ್ದಳು. ಹೋದ ತಿಂಗಳು ಅಂಚು ತೆರೆಯುವ ಮೊದಲೇ, ಖಾಲಿ ಪರದೆ ನೋಡಿ "ಚಲೋ ಐತಿ" ಎಂದಳು. ಆ ಸಣ್ಣ ಪರದೆಯಲ್ಲಿ ಅವಳಿಗೆ ಏನೂ ಕಾಣುತ್ತಿಲ್ಲವೆಂದು ಆಗ ತಿಳಿಯಿತು. ಅವತ್ತಿನಿಂದಲೇ ದೊಡ್ಡ ಪರದೆ ಹುಡುಕತೊಡಗಿದೆ.

ಇವತ್ತು ಸಂಜೆ ಅವಳನ್ನು ಟೀವಿಯ ಮುಂದೆ ಕೂರಿಸಿ ಹೊಸ ಅಂಚು ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಏನಲೇ ಅಜಯಾ, ಈ ಹೂವಾ ಯಾಕ ಹಿಂಗ ಸೊಟ್ಟಗ ಬಿದ್ದೈತಿ? ಇಂಥಾದ್ದ ಯಾರ ಉಡ್ತಾರ? ಎಳಿ ಬಿಚ್ಚಲೇ!"

ಹೀಗೆ ಬೈಸಿಕೊಂಡು ಎಷ್ಟು ಕಾಲವಾಗಿತ್ತು!

ಒಂದೇ ಚಿತ್ರವನ್ನು ತುಂಬಾ ಹೊತ್ತು ಬಿಟ್ಟರೆ ಪರದೆಯಲ್ಲಿ ಅದರ ಕಲೆ ಉಳಿದುಬಿಡುತ್ತದಂತೆ. ಆ ಸೊಟ್ಟ ಹೂವನ್ನು ನಾನಿನ್ನೂ ಪರದೆಯಿಂದ ತೆಗೆದಿಲ್ಲ.